ಉಬ್ಬಸದ ಮದ್ದನ್ನು ಇಳಿಸುವ ಬಗೆ

ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಬರುವ ಹಾದಿಯಲ್ಲಿ ಆಲೆಮನೆಯ ಹೊಗೆ ಕಂಡೊಡನೆ ಬಸ್ಸಿನ ಕಿಟಕಿ ಮುಚ್ಚುವವರನ್ನು ನೀವು ನೋಡಿರಬಹುದು. ಬೆಲ್ಲದ ಪರಿಮಳ ಅವರಿಗೆ ಬೇಡವೆಂದಲ್ಲ. ಹೊಗೆ ಎದೆಗೆ ಒಗ್ಗದು. ನಾನೂ ಅವರಲ್ಲೊಬ್ಬ. ಹಳೆಯ ಕನ್ನಡದಲ್ಲಿ ಉಬ್ಬಸವೆಂಬ ಮಾತಿಗೆ ಸಂಕಟ, ಆಯಾಸ ಎಂಬ ಅರ್ಥಗಳುಂಟು. ನಮ್ಮ ಹಿರಿಯರು ಗೂರಲು ಎಂದರು, ವೈದ್ಯರು ಆಸ್ತಮಾ ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ಇದಕ್ಕೆ ನಿತ್ಯ ಸೇದುವ ಸ್ಟೀರಾಯ್ಡ್ ಇನ್‌ಹೇಲರನ್ನು ವಯಸ್ಕರು ಯಾವಾಗ, ಎಷ್ಟು ಕಡಿಮೆ ಮಾಡಬಹುದೆಂಬುದು ರೋಗಿಗೂ ಮನೆಯವರಿಗೂ ತಿಳಿದಿರಬೇಕು.

ತಿಳಿಯದೆ ಮಾಡಿದವನ ಕಥೆ ಕೇಳಿ. ಕೆಲವು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ನಾನು ಬಹಳ ಚೆನ್ನಾಗಿದ್ದೆ. ರಾತ್ರಿ ಕೆಮ್ಮಿಲ್ಲ, ಮೇಲುಕೋಟೆಯ ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿದೆ. ಗುಣವಾಯಿತೆಂದು ಭಾವಿಸಿ, ಯಾರನ್ನೂ ಕೇಳದೆ, ಇನ್‌ಹೇಲರನ್ನು ಪೆಟ್ಟಿಗೆಗೆ ಸೇರಿಸಿದೆ. ಮೊದಲ ವಾರ ಏನೂ ಆಗಲಿಲ್ಲ, ಎರಡನೆಯ ವಾರವೂ ಆಗಲಿಲ್ಲ. ಶಾಲೆ ಆರಂಭವಾಗಿ, ಮಳೆಯೂ ನೆಗಡಿಯೂ ಒಟ್ಟಿಗೆ ಬಂದಾಗ, ಒಂದು ರಾತ್ರಿ ಮಂಚದ ಅಂಚಿನಲ್ಲಿ ಕುಳಿತು ಉಸಿರಿಗಾಗಿ ಹೋರಾಡಿದೆ. ಮನೆಯವರು ಆ ಹೊತ್ತಿನಲ್ಲಿ ಆಟೋ ಹುಡುಕಿಕೊಂಡು ಬಂದರು. “ಮೇಷ್ಟ್ರೇ, ನೀವು ಚೆನ್ನಾಗಿದ್ದದ್ದು ಆ ಮದ್ದಿನಿಂದಲೇ” ಎಂದರು ವೈದ್ಯರು.

ಉಬ್ಬಸದಲ್ಲಿ ಶ್ವಾಸನಾಳಗಳ ಒಳಪದರ ಊದಿಕೊಂಡಿರುತ್ತದೆ. ಹೊಗೆ, ಧೂಳು, ನೆಗಡಿ ತಗಲಿದರೆ ಸುತ್ತಲಿನ ಸ್ನಾಯುಗಳೂ ಬಿಗಿದುಕೊಳ್ಳುತ್ತವೆ. ಸಾಲ್ಬುಟಮಾಲ್ ಆ ಬಿಗಿತವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಊತವನ್ನು ಇಳಿಸುವುದು ಬ್ಯುಡೆಸೊನೈಡ್ ಮೊದಲಾದ ಸ್ಟೀರಾಯ್ಡ್. ಅದರ ಕೆಲಸ ವಾರಗಟ್ಟಲೆಯದು. ಬಿಟ್ಟರೆ ಊತ ಮರಳುವುದೂ ಹಾಗೆಯೇ, ಸದ್ದಿಲ್ಲದೆ.

ಸ್ಟೀರಾಯ್ಡ್ ಎಂದೊಡನೆ ಬೆಚ್ಚುವವರಿದ್ದಾರೆ. ಇನ್‌ಹೇಲರಿನ ಒಂದು ಎಳೆತದಲ್ಲಿರುವುದು 200 ಮೈಕ್ರೋಗ್ರಾಂ ಎಂದಿಟ್ಟುಕೊಳ್ಳಿ. ಉಬ್ಬಸ ಕೆರಳಿದಾಗ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ ಆದರೆ, ಅದು 40,000 ಮೈಕ್ರೋಗ್ರಾಂ! ಎರಡರ ಬಲ ಒಂದೇ ಅಲ್ಲವಾದರೂ ಅಂತರವೇನೆಂದು ತಿಳಿಯುತ್ತದೆ. ಹೆದರಿ ಇನ್‌ಹೇಲರ್ ಬಿಟ್ಟವರು ಕೊನೆಗೆ ನುಂಗುವುದು ಈ ಮಾತ್ರೆಯನ್ನೇ. ಆದರೂ ಹೆಚ್ಚಿನ ಪ್ರಮಾಣವನ್ನು ವರ್ಷಗಟ್ಟಲೆ ಸೇದಿದರೆ ದನಿ ಒಡೆಯುವುದು, ಬಾಯಿಯಲ್ಲಿ ಬಿಳಿಯ ಅಗ್ರ ಕಟ್ಟುವುದು, ಕಣ್ಣಿಗೆ ಪೊರೆ ಬರುವುದು, ಮೂಳೆ ಸವೆಯುವುದು ಉಂಟು. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಮೊದಲೆರಡು ಬಹುಮಟ್ಟಿಗೆ ತಪ್ಪುತ್ತವೆ. ಉಳಿದವುಗಳಿಗಾಗಿಯೇ, ರೋಗ ಹತೋಟಿಯಲ್ಲಿರುವಷ್ಟು ಕನಿಷ್ಠ ಪ್ರಮಾಣವನ್ನು ಹುಡುಕಬೇಕಾದದ್ದು.

ಹುಡುಕುವ ಕ್ರಮ ಹೀಗೆ. ಮೂರು ತಿಂಗಳು ಸತತವಾಗಿ ಉಬ್ಬಸ ಹತೋಟಿಯಲ್ಲಿರಬೇಕು: ರಾತ್ರಿ ಎಚ್ಚರವಾಗಬಾರದು, ನಿತ್ಯದ ಕೆಲಸಕ್ಕೆ ತಡೆಯಿರಬಾರದು, ಹಗಲಿನ ಉಬ್ಬಸವಾಗಲಿ ಸಾಲ್ಬುಟಮಾಲಿನ ಅಗತ್ಯವಾಗಲಿ ವಾರಕ್ಕೆ ಎರಡು ಸಲ ಮೀರಬಾರದು. ಆಮೇಲೆ ವೈದ್ಯರು ಪ್ರಮಾಣವನ್ನು ಕಾಲುಭಾಗದಿಂದ ಅರ್ಧದವರೆಗೆ ಇಳಿಸುತ್ತಾರೆ. ದಿನಕ್ಕೆ 800 ಇದ್ದದ್ದು 400 ಆಗಬಹುದು. ಮತ್ತೆ ಮೂರು ತಿಂಗಳು ಕಾಯಬೇಕು. ಫಾರ್ಮಟೆರಾಲ್ ಸೇರಿದ ಜೋಡಿ ಮದ್ದಾದರೆ ಸಾಮಾನ್ಯವಾಗಿ ಸ್ಟೀರಾಯ್ಡಿನ ಅಂಶವನ್ನು ಮೊದಲು ತಗ್ಗಿಸುತ್ತಾರೆ. ಪೂರ್ತಿ ನಿಲ್ಲಿಸುವುದು ವಯಸ್ಕರಿಗೆ ಸಲ್ಲದು. ಸ್ಟೀರಾಯ್ಡ್ ಇಲ್ಲದೆ ಬರೀ ಸಾಲ್ಬುಟಮಾಲಿನ ಮೇಲೆ ಇರುವುದು ಬೇಡವೆಂದು, ಆಸ್ತಮಾ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲಿ ಸ್ಪಷ್ಟವಾಗಿ ಹೇಳಿತು. ಗರ್ಭಿಣಿಯರಿಗೂ, ಹಿಂದಿನ ಒಂದು ವರ್ಷದಲ್ಲಿ ಉಬ್ಬಸಕ್ಕಾಗಿ ಆಸ್ಪತ್ರೆ ಸೇರಿದವರಿಗೂ ಅವಸರ ಕೂಡದು.

ಕಾಲವನ್ನೂ ನೋಡಬೇಕು. ಇದನ್ನು ಪುಸ್ತಕಕ್ಕಿಂತ ನಮ್ಮ ನಾಲ್ಕು ತಾಲ್ಲೂಕುಗಳ ಬೆಳೆಗಳೇ ಚೆನ್ನಾಗಿ ಹೇಳುತ್ತವೆ. ನಾಗಮಂಗಲದಲ್ಲಿ ರಾಗಿಯ ತೆನೆ ರಸ್ತೆಗೇ ಬಿದ್ದು ವಾಹನಗಳು ಹಾಯುತ್ತಿರುವಾಗ, ಕೃಷ್ಣರಾಜಪೇಟೆಯಲ್ಲಿ ಭತ್ತದ ಒಕ್ಕಣೆಯ ಹೊಟ್ಟು ಗಾಳಿಗೆ ಹಾರುತ್ತಿರುವಾಗ, ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಮೇಲಿನ ಮಂಜು ಬೆಳಗಿನವರೆಗೂ ಕರಗದಿರುವಾಗ ಮದ್ದು ಇಳಿಸಲು ಹೊರಡಬೇಡಿ. ಕಬ್ಬು ಕಡಿದ ಗದ್ದೆಯ ತರಗಿಗೆ ಬೆಂಕಿಯಿಡುವ ದಿನಗಳೂ ಹಾಗೆಯೇ. ನೆಗಡಿ ಹಿಡಿದಿದ್ದರೆ, ವೈರಮುಡಿಗೋ ಮದುವೆಗೋ ಪ್ರಯಾಣವಿದ್ದರೆ, ಅದು ಮುಗಿಯಲಿ. ಒಬ್ಬರಿಗೆ ಒಗ್ಗದ್ದು ಇನ್ನೊಬ್ಬರಿಗೆ ಒಗ್ಗೀತು. ಆದ್ದರಿಂದ ಹಿಂದಿನ ವರ್ಷ ಯಾವ ತಿಂಗಳು ಕಾಡಿತೆಂದು ಕ್ಯಾಲೆಂಡರಿನಲ್ಲಿ ಗುರುತಿಟ್ಟುಕೊಂಡು ವೈದ್ಯರಿಗೆ ತೋರಿಸಿ.

ಇಳಿಸಿದ ಮೇಲೆ ಕಾವಲು ಬೇಕು. ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಕೊಳವೆ ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ನಾನು ಬೆಳಗಿನ ವಾರ್ತೆಗೆ ಮೊದಲು ಅದನ್ನು ಮೂರು ಸಲ ಊದಿ, ಹೆಚ್ಚಿನ ಅಂಕಿಯನ್ನು ಬರೆದಿಡುತ್ತೇನೆ. ಚೆನ್ನಾಗಿದ್ದ ಕಾಲದ ಅಂಕಿ 400 ಇದ್ದು, ಈಗ 320ಕ್ಕಿಂತ ಕೆಳಗೆ ಬಂದರೆ, ಅಥವಾ ರಾತ್ರಿ ಕೆಮ್ಮು ಎಬ್ಬಿಸಿದರೆ, ಹಳೆಯ ಪ್ರಮಾಣಕ್ಕೆ ಮರಳಿ ವೈದ್ಯರನ್ನು ಕಾಣಬೇಕು. ಹೀಗೆ ಮರಳುವ ವಿಧಾನವನ್ನು ಇಳಿಸುವ ದಿನವೇ ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದು ವಾಕ್ಯ ಮುಗಿಸುವಷ್ಟು ಉಸಿರಿಲ್ಲದಿದ್ದರೆ, ತುಟಿ ನೀಲಿಗಟ್ಟಿದರೆ, ಸಾಲ್ಬುಟಮಾಲ್ ಸೇದಿದರೂ ತಗ್ಗದಿದ್ದರೆ ಚೀಟಿ ಹುಡುಕುತ್ತಾ ಕೂರದೆ 108ಕ್ಕೆ ಕರೆಮಾಡಿ.

ನನ್ನ ಪ್ರಮಾಣ 800ರಿಂದ 400ಕ್ಕೆ ಇಳಿಯಲು ಒಂದು ವರ್ಷ ಹಿಡಿಯಿತು. ಅಲ್ಲಿಂದ 200ಕ್ಕೆ ಇಳಿಸಿ ನೋಡಿದೆವು. ಸುಗ್ಗಿ ಬಂದಾಗ ಎದೆ ಒಪ್ಪಲಿಲ್ಲ. ಈಗ 400ರಲ್ಲೇ ಇದ್ದೇನೆ. ಬರುವ ಬೇಸಗೆಯಲ್ಲಿ ಮತ್ತೊಮ್ಮೆ ನೋಡೋಣವೆಂದು ವೈದ್ಯರು ಹೇಳಿದ್ದಾರೆ.