ಕೀಲಿಕೈ ಸರಿಯಿದೆ, ಕಾರು ಏಕೆ ಹೊರಡದು?

ಕಳ್ಳನನ್ನು ತಡೆಯಲೆಂದು ಇಟ್ಟ ಕಾವಲುಗಾರ ಮನೆಯ ಯಜಮಾನನನ್ನೇ ಬಾಗಿಲಲ್ಲಿ ತಡೆದು ನಿಲ್ಲಿಸಿದರೆ ಹೇಗಿರುತ್ತದೆ? ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡಿರುವ ಅನೇಕರಿಗೆ ಇಂತಹ ಅನುಭವ ಆಗಿರುತ್ತದೆ. ಕೀಲಿಕೈ ಸಲೀಸಾಗಿ ತಿರುಗುತ್ತದೆ, ಡ್ಯಾಶ್‌ಬೋರ್ಡಿನ ದೀಪಗಳು ಬೆಳಗುತ್ತವೆ, ಎಂಜಿನ್ ಮಾತ್ರ ಮಿಸುಕುವುದಿಲ್ಲ. ಕೆಲವೊಮ್ಮೆ ಯಾರೂ ಮುಟ್ಟದೆ ಇದ್ದರೂ ಹಾರನ್ ಕೂಗತೊಡಗುತ್ತದೆ. ಮಾಲೀಕರು ಮೊದಲು ಬ್ಯಾಟರಿ ಬದಲಾಯಿಸುತ್ತಾರೆ. ಆಮೇಲೆ ಸ್ಟಾರ್ಟರ್ ಮೋಟಾರು ಬದಲಾಗುತ್ತದೆ. ಸಾಕಷ್ಟು ಹಣ ಖರ್ಚಾದ ಮೇಲೆ, ಇಡೀ ತೊಂದರೆಗೆ ಕೂದಲೆಳೆಯಷ್ಟು ತೆಳುವಾದ ಒಂದು ತಂತಿ ಕಾರಣವೆಂದು ತಿಳಿಯುತ್ತದೆ.

ಈ ಖರ್ಚನ್ನೂ ಚಿಂತೆಯನ್ನೂ ತಪ್ಪಿಸಲು ಸಾಧ್ಯ. ಅದಕ್ಕೆ ಬೇಕಾದುದು ಒಂದು ಸಾಧಾರಣ ಮಲ್ಟಿಮೀಟರ್, ಪ್ರೌಢಶಾಲೆಯಲ್ಲಿ ಕಲಿತ ಓಮನ ನಿಯಮ, ಮತ್ತು ಒಂದಾದ ಮೇಲೊಂದರಂತೆ ಪರೀಕ್ಷಿಸುವ ತಾಳ್ಮೆ. ಇದನ್ನು ತಿಳಿಯಲು ಅಮೆರಿಕದ ಷೆವ್ರೊಲೆ ಕಾರ್ವೆಟ್ ಕಾರನ್ನು ಉದಾಹರಣೆಯಾಗಿ ನೋಡೋಣ.

ಒಂದು ಕಾರು, ಎರಡು ಕಾವಲು

ಜನರಲ್ ಮೋಟಾರ್ಸ್ ಸಂಸ್ಥೆ ತಯಾರಿಸುವ ಕಾರ್ವೆಟ್ಟಿನ ನಾಲ್ಕನೆಯ ಪೀಳಿಗೆ 1984ರಿಂದ 1996ರವರೆಗಿನ ಮಾದರಿಗಳದು. 5.7 ಲೀಟರಿನ ಎಂಟು ಸಿಲಿಂಡರುಗಳ ಎಂಜಿನ್, ಇಬ್ಬರಿಗಷ್ಟೇ ಆಸನ, ನೆಲಕ್ಕೆ ಅಂಟಿದಂತಹ ಮೈಕಟ್ಟು. ಇಂತಹ ಕಾರಿನ ಮೇಲೆ ಕಳ್ಳರ ಕಣ್ಣು ಬೀಳುವುದು ಸಹಜ. 1972ರಿಂದಲೇ ಕಾರ್ವೆಟ್ಟುಗಳಲ್ಲಿ ಕಳ್ಳತನ ಸೂಚಿಸುವ ಅಲಾರಂ ಕಾರ್ಖಾನೆಯಿಂದಲೇ ಜೋಡಣೆಯಾಗಿ ಬರುತ್ತಿತ್ತು. ಅದು ಸಾಲದೆಂದು 1986ರಲ್ಲಿ ಎರಡನೆಯ ಕಾವಲು ಬಂದಿತು. ಅದರ ಸಂಕ್ಷಿಪ್ತ ಹೆಸರು ‘ವ್ಯಾಟ್ಸ್’.

ತೊಂದರೆ ಹುಡುಕುವವರು ಮೊದಲು ಮನಸ್ಸಿನಲ್ಲಿ ಇಡಬೇಕಾದ ಮಾತು ಇದೇ: ಇವೆರಡೂ ಬೇರೆ ಬೇರೆ ವ್ಯವಸ್ಥೆಗಳು. ಮೊದಲನೆಯದು ಬಾಗಿಲನ್ನು ಕಾಯುತ್ತದೆ. ಲಾಕ್ ಮಾಡಿದ ಬಾಗಿಲು ಕೀಲಿಕೈ ಇಲ್ಲದೆ ತೆರೆದರೆ ಹಾರನ್ ಕೂಗಿಸುತ್ತದೆ. ಎರಡನೆಯದು ಎಂಜಿನ್ನನ್ನು ಕಾಯುತ್ತದೆ. ಅದು ಸದ್ದು ಮಾಡುವುದಿಲ್ಲ. ತನಗೆ ಪರಿಚಯವಿಲ್ಲದ ಕೀಲಿಕೈ ಬಂದರೆ ಸ್ಟಾರ್ಟರ್ ಮೋಟಾರು ತಿರುಗದಂತೆ, ಎಂಜಿನ್ನಿಗೆ ಇಂಧನ ಸಿಗದಂತೆ ಮಾಡಿ ಸುಮ್ಮನಿರುತ್ತದೆ. ಹಾರನ್ ಕೂಗುವ ದೋಷಕ್ಕೆ ಬಾಗಿಲಿನ ಕಡೆ ನೋಡಬೇಕು. ಎಂಜಿನ್ ಮಿಸುಕದ ದೋಷಕ್ಕೆ ಕೀಲಿಕೈಯ ಕಡೆ ನೋಡಬೇಕು.

ಕೀಲಿಕೈಯಲ್ಲಿ ಅಡಗಿದ ಸಂಖ್ಯೆ

ವ್ಯಾಟ್ಸ್ ಕೀಲಿಕೈಯ ಲೋಹದ ಪಟ್ಟಿಯ ಮೇಲೆ ಒಂದು ಚಿಕ್ಕ ಕಪ್ಪು ಗುಳಿಗೆ ಕಾಣುತ್ತದೆ. ಅದರೊಳಗೆ ಒಂದು ರೋಧಕವಿದೆ. ರೋಧಕವೆಂದರೆ ವಿದ್ಯುತ್ ಪ್ರವಾಹವನ್ನು ನಿಗದಿತ ಪ್ರಮಾಣದಲ್ಲಿ ತಡೆಯುವ ವಸ್ತು; ಆ ತಡೆಯ ಅಳತೆ ಓಮ್. ಈ ಕೀಲಿಕೈಗಳಲ್ಲಿ ಒಟ್ಟು 15 ಬೆಲೆಯ ರೋಧಕಗಳನ್ನು ಬಳಸಲಾಗಿದೆ. ಅತಿ ಕಡಿಮೆಯದು 402 ಓಮ್, ಅತಿ ಹೆಚ್ಚಿನದು 11,800 ಓಮ್.

ಕೀಲಿಕೈಯನ್ನು ತಿರುಗಿಸಿದಾಗ ಬೀಗದೊಳಗಿನ ಎರಡು ಪುಟ್ಟ ಸ್ಪರ್ಶಕಗಳು ಗುಳಿಗೆಯ ಎರಡು ಬದಿಗಳನ್ನು ಮುಟ್ಟುತ್ತವೆ. ಅಲ್ಲಿಂದ ಎರಡು ತೆಳು ತಂತಿಗಳು ಸ್ಟಿಯರಿಂಗ್ ಕಂಬದೊಳಗೆ ಇಳಿದು ಡ್ಯಾಶ್‌ಬೋರ್ಡಿನ ಹಿಂದಿರುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಸೇರುತ್ತವೆ. ಆ ಪೆಟ್ಟಿಗೆ ರೋಧವನ್ನು ಅಳೆದು, ತನ್ನಲ್ಲಿರುವ ಬೆಲೆಯೊಡನೆ ಹೋಲಿಸುತ್ತದೆ. ತಾಳೆಯಾದರೆ ಸ್ಟಾರ್ಟರ್ ರಿಲೇಗೆ ಅನುಮತಿ ಕೊಡುತ್ತದೆ. ಇಂಧನ ಬಿಡಬಹುದೆಂದು ಎಂಜಿನ್ನಿನ ಕಂಪ್ಯೂಟರಿಗೂ ಸಂಕೇತ ಕಳಿಸುತ್ತದೆ. ತಾಳೆಯಾಗದಿದ್ದರೆ ಎರಡರಿಂದ ನಾಲ್ಕು ನಿಮಿಷಗಳ ಕಾಲ, ಸರಿಯಾದ ಕೀಲಿಕೈ ಹಾಕಿದರೂ ಕೇಳುವುದಿಲ್ಲ. ಒಂದೊಂದೇ ಬೆಲೆಯನ್ನು ಪ್ರಯತ್ನಿಸುವ ಕಳ್ಳನಿಗೆ ಬೇಸರ ಬರಲೆಂದೇ ಈ ಏರ್ಪಾಡು.

ಪೆಟ್ಟಿಗೆಗೆ ಕೀಲಿಕೈಯೂ ಕಾಣದು, ಮಾಲೀಕರ ಮುಖವೂ ಕಾಣದು. ಅದಕ್ಕೆ ತಿಳಿಯುವುದು ಒಂದು ಸಂಖ್ಯೆ ಮಾತ್ರ. ನಿಮ್ಮ ಕೀಲಿಕೈಯ ಬೆಲೆ 1,130 ಓಮ್ ಎಂದಿರಲಿ. ಹತ್ತಾರು ವರ್ಷಗಳಲ್ಲಿ ಸ್ಪರ್ಶಕಗಳ ಮೇಲೆ ಕೂತ ಕೊಳೆ ಇನ್ನೊಂದು 200 ಓಮ್ ಸೇರಿಸಿತು ಎನ್ನಿ. ಈಗ ಪೆಟ್ಟಿಗೆಗೆ ಕಾಣುವುದು 1,330. ಅದು 1,130 ಅಲ್ಲ, ಅದರ ನಂತರದ ಬೆಲೆಯಾದ 1,470 ಕೂಡ ಅಲ್ಲ. ಪೆಟ್ಟಿಗೆಯ ಲೆಕ್ಕದಲ್ಲಿ ನೀವೇ ಕಳ್ಳರು! ತಂತಿಯೇ ತುಂಡಾಗಿದ್ದರೆ ರೋಧ ಅನಂತವಾಗುತ್ತದೆ. ಆಗಲೂ ಅದೇ ತೀರ್ಪು.

ಕಿವಿಗೊಟ್ಟು ಕೇಳಿ

ಉಪಕರಣ ಹಿಡಿಯುವ ಮುನ್ನ ಕಾರು ಏನು ಹೇಳುತ್ತಿದೆ ಎಂದು ಗಮನಿಸಿ. ಗೇರನ್ನು ಪಾರ್ಕ್ ಅಥವಾ ನ್ಯೂಟ್ರಲ್ ಸ್ಥಾನದಲ್ಲಿಟ್ಟು, ಕೈಬ್ರೇಕ್ ಎಳೆದು, ಕೀಲಿಕೈ ತಿರುಗಿಸಿ.

ಟಕಟಕನೆ ಸದ್ದು ಬಂದು ದೀಪಗಳು ಮಂಕಾದರೆ ಬ್ಯಾಟರಿ ಸೊರಗಿದೆ, ಇಲ್ಲವೇ ಅದರ ಜೋಡಣೆ ಸಡಿಲವಾಗಿದೆ. ಒಂದೇ ಒಂದು ಗಟ್ಟಿ ಸದ್ದು ಬಂದು ಎಲ್ಲವೂ ನಿಂತರೆ ಸ್ಟಾರ್ಟರ್ ಮೋಟಾರು ಅಥವಾ ಅದರ ದಪ್ಪ ಕೇಬಲ್ಲಿನ ಮೇಲೆ ಅನುಮಾನ ಪಡಬಹುದು. ದೀಪಗಳು ಪ್ರಕಾಶಮಾನವಾಗಿದ್ದು, ಯಾವ ಸದ್ದೂ ಇಲ್ಲದೆ, ‘ಸೆಕ್ಯೂರಿಟಿ’ ಎಂಬ ದೀಪ ಆರದೆ ಉಳಿದರೆ ಅದು ವ್ಯಾಟ್ಸಿನ ಕೆಲಸ. ಆ ದೀಪ ಆರಿದ್ದೂ ಸದ್ದಿಲ್ಲದಿದ್ದರೆ ಕ್ಲಚ್ ಸ್ವಿಚ್ಚು ಅಥವಾ ಗೇರಿನ ಸ್ವಿಚ್ಚನ್ನು ನೋಡಬೇಕು. ಎಂಜಿನ್ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಇಂಧನ, ಕಿಡಿ, ಇಲ್ಲವೇ ಎಂಜಿನ್ನಿನ ಕಂಪ್ಯೂಟರಿಗೆ ತಲಪಬೇಕಾದ ಅನುಮತಿಯ ಸಂಕೇತ, ಇವುಗಳಲ್ಲಿ ಒಂದು ಕೈಕೊಟ್ಟಿದೆ.

ಬ್ಯಾಟರಿಯಿಂದ ಆರಂಭ

ದೂರದರ್ಶನದ ಸ್ಟುಡಿಯೋದಲ್ಲಿ ಚಿತ್ರ ಮಾಯವಾದರೆ ನಮ್ಮ ತಂತ್ರಜ್ಞರು ಕ್ಯಾಮೆರಾ ಬಿಚ್ಚಲು ಹೊರಡುವುದಿಲ್ಲ. ಮೊದಲು ವಿದ್ಯುತ್ ಬರುತ್ತಿದೆಯೇ ಎಂದು ನೋಡುತ್ತಾರೆ. ಆಮೇಲೆ ಸಂಕೇತ ಹರಿಯುವ ದಾರಿಯ ನಡುವೆ ಎಲ್ಲಾದರೂ ಒಂದು ಕಡೆ ಅಳೆಯುತ್ತಾರೆ. ಅಲ್ಲಿಯವರೆಗೆ ಸರಿಯಿದ್ದರೆ ದೋಷ ಮುಂದಿದೆ, ಇಲ್ಲದಿದ್ದರೆ ಹಿಂದಿದೆ. ಒಂದೇ ಅಳತೆಯಲ್ಲಿ ಅರ್ಧ ದಾರಿ ತೀರುತ್ತದೆ. ಕಾರಿಗೂ ಇದೇ ಕ್ರಮ ಒಪ್ಪುತ್ತದೆ.

ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ ಇದು 9.6ಕ್ಕಿಂತ ಕೆಳಗೆ ಇಳಿಯಬಾರದು. ವೋಲ್ಟೇಜ್ ತೀರ ಕುಗ್ಗಿದರೆ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ವಿಚಿತ್ರವಾಗಿ ವರ್ತಿಸಿ, ಇಲ್ಲದ ದೋಷವನ್ನು ತೋರಿಸುತ್ತವೆ. ಆದುದರಿಂದ ಬ್ಯಾಟರಿ ಸರಿಯಿದೆಯೆಂದು ಖಾತ್ರಿಯಾಗುವ ತನಕ ಮುಂದೆ ಹೋಗಬೇಡಿ. ಬ್ಯಾಟರಿಯ ಬಳಿ ಬೆಂಕಿ, ಕಿಡಿ ಕೂಡದು. ಅಲ್ಲಿ ಹೈಡ್ರೋಜನ್ ಅನಿಲವಿರಬಹುದು. ಬೇರೆ ಕಾರಿನಿಂದ ಕರೆಂಟು ಪಡೆಯುವಾಗ ತಂತಿಗಳನ್ನು ಅದಲುಬದಲು ಮಾಡಿದರೆ ಕಾರಿನ ಕಂಪ್ಯೂಟರ್ ಸುಟ್ಟುಹೋದೀತು.

ಕಾರ್ವೆಟ್ಟಿಗೆ ಇನ್ನೊಂದು ವಿಶೇಷವಿದೆ. ಉಕ್ಕಿನ ಮೈಯ ಕಾರುಗಳಲ್ಲಿ ಮೈಯೇ ವಿದ್ಯುತ್ತು ಬ್ಯಾಟರಿಗೆ ಹಿಂತಿರುಗುವ ದಾರಿ. ಕಾರ್ವೆಟ್ಟಿನ ಮೈ ಗಾಜಿನ ನಾರಿನದು. ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದ್ದರಿಂದ ಹಿಂತಿರುಗುವ ದಾರಿಗೂ ತಂತಿಗಳೇ ಬೇಕು. ಆ ತಂತಿಗಳು ಲೋಹದ ಚೌಕಟ್ಟಿಗೆ ಸೇರುವ ಕಡೆ ತುಕ್ಕು ಹಿಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಹಲವು ದೋಷಗಳು ಒಟ್ಟಿಗೆ ಹುಟ್ಟುತ್ತವೆ. ಆ ಬೋಲ್ಟುಗಳನ್ನು ಬಿಚ್ಚಿ, ಉಜ್ಜಿ, ಮತ್ತೆ ಬಿಗಿದರೆ ಅದಕ್ಕೆ ಖರ್ಚು ಏನೂ ಇಲ್ಲ.

ನಿರ್ಣಾಯಕ ಅಳತೆ

ಇನ್ನು ಕೀಲಿಕೈ. ಗುಳಿಗೆಯ ಎರಡು ಬದಿಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಆ ಬದಿಗಳಿಗೆ ತಾಗಿಸಿ ಓಮ್ ಓದಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬದಲಿ ಕೀಲಿಕೈ ಇದ್ದರೆ ಅದನ್ನೂ ಅಳೆಯಿರಿ. ಎರಡರ ಬೆಲೆ ಒಂದೇ ಇರಬೇಕು.

ಅನಂತರ ಬೀಗದಿಂದ ಬರುವ ಎರಡು ತಂತಿಗಳ ಜೋಡಣೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ಬಿಡಿಸಿ, ಕೀಲಿಕೈಯನ್ನು ಬೀಗದಲ್ಲಿಟ್ಟು ತಿರುಗಿಸಿ, ಆ ತಂತಿಗಳ ತುದಿಯಲ್ಲಿ ಅಳೆಯಿರಿ. ಬರೆದಿಟ್ಟ ಸಂಖ್ಯೆಯೇ ಬಂದರೆ ಬೀಗ, ತಂತಿ ಎರಡೂ ಸರಿಯಿವೆ. ದೋಷ ಪೆಟ್ಟಿಗೆಯಲ್ಲಿ ಅಥವಾ ಅದರಾಚೆ ರಿಲೇಯಲ್ಲಿದೆ. ಸಂಖ್ಯೆ ಬೇರೆ ಬಂದರೆ, ಅಥವಾ ಕೀಲಿಕೈ ಅಲುಗಿಸಿದಂತೆ ಕುಣಿದಾಡಿದರೆ, ದೋಷ ಬೀಗದ ಕಡೆಯೇ ಇದೆ. ಸಾಮಾನ್ಯವಾಗಿ ಸಿಗುವುದು ಈ ಎರಡನೆಯ ಫಲಿತಾಂಶ. ಏಕೆಂದರೆ ಕೀಲಿಕೈ ತಿರುಗಿಸಿದಾಗಲೆಲ್ಲ ಆ ತೆಳು ತಂತಿಗಳೂ ಬಾಗುತ್ತವೆ. ದಿನಕ್ಕೆ ನಾಲ್ಕು ಬಾರಿ ಎಂದರೂ ವರ್ಷಕ್ಕೆ 1,460 ಬಾರಿ ಆಯಿತು. ಮೂವತ್ತು ವರ್ಷ ಹೀಗೆ ಬಾಗಿದ ತಂತಿ ಒಳಗೇ ಮುರಿಯುವುದರಲ್ಲಿ ಆಶ್ಚರ್ಯವಿಲ್ಲ. ಒಮ್ಮೆ ಹೊರಟ ಕಾರು ಇನ್ನೊಮ್ಮೆ ಹೊರಡದಿರುವುದರ ಗುಟ್ಟು ಇದು.

ತಾನಾಗಿ ಹಾರನ್ ಕೂಗುವುದಾದರೆ ಬಾಗಿಲಿನ ಚೌಕಟ್ಟಿನಲ್ಲಿರುವ ಸ್ವಿಚ್ಚನ್ನು ನೋಡಿ. ಬಾಗಿಲು ಮುಚ್ಚಿದ ಮೇಲೂ ಒಳದೀಪ ಮಿನುಗುತ್ತಿದ್ದರೆ ಸ್ವಿಚ್ಚು ಸವೆದಿದೆ. ಬಾಗಿಲನ್ನು ಕೀಲಿಕೈಯಿಂದಲೇ ತೆರೆದರೂ ಹಾರನ್ ಕೂಗಿದರೆ, ಬಾಗಿಲ ಬೀಗಕ್ಕೆ ಅಂಟಿಕೊಂಡಿರುವ ಸ್ವಿಚ್ಚು ಯಜಮಾನರು ಬಂದ ಸುದ್ದಿಯನ್ನು ಒಳಗೆ ಮುಟ್ಟಿಸುತ್ತಿಲ್ಲ ಎಂದರ್ಥ.

ಸುಲಭದ ದಾರಿಯ ಬೆಲೆ

ಕಾವಲನ್ನೇ ಕಿತ್ತುಹಾಕಿಬಿಡೋಣ ಎಂದು ಸಲಹೆ ಕೊಡುವವರು ಇದ್ದೇ ಇರುತ್ತಾರೆ. ಅದರಿಂದ ಕಾರು ಹೊರಡಬಹುದು. ಆದರೆ ಅಂದಿನಿಂದ ಆ ಕಾರಿಗೆ ಕಳ್ಳನೂ ಒಂದೇ, ಯಜಮಾನನೂ ಒಂದೇ. ದೋಷ ಎಲ್ಲಿತ್ತು ಎಂಬುದೂ ತಿಳಿಯದೆ ಉಳಿಯುತ್ತದೆ. ಬೀಗದ ತಂತಿ ಬದಲಾಯಿಸುವುದು ಸ್ಟಿಯರಿಂಗ್ ಕಂಬ ಬಿಚ್ಚಬೇಕಾದ ಕೆಲಸ. ಗಾಳಿಚೀಲವಿರುವ ಕಾರುಗಳಲ್ಲಿ ಅದನ್ನು ಬಲ್ಲ ಮೆಕ್ಯಾನಿಕ್ಕಿಗೇ ಬಿಡುವುದು ಕ್ಷೇಮ. ಆದರೆ ‘ನೋಡಿ, ಕೀಲಿಕೈಯಲ್ಲಿ ಇಷ್ಟು ಓಮ್, ತಂತಿಯ ತುದಿಯಲ್ಲಿ ಇಷ್ಟು’ ಎಂದು ಬರೆದ ಚೀಟಿ ಹಿಡಿದು ಗ್ಯಾರೇಜಿಗೆ ಹೋದ ಗಿರಾಕಿಗೆ ಬೇಡದ ಸ್ಟಾರ್ಟರ್ ಮೋಟಾರನ್ನು ಯಾರೂ ಮಾರಲಾರರು.

ನಮ್ಮ ಊರುಗಳಲ್ಲಿ ಕಾರ್ವೆಟ್ ಅಪರೂಪ. ಆದರೆ ಇಂದು ನಮ್ಮ ರಸ್ತೆಗಳಲ್ಲಿ ಓಡುವ ಬಹುತೇಕ ಕಾರುಗಳ ಕೀಲಿಕೈಯ ಹಿಡಿಯೊಳಗೆ ರೋಧಕದ ಬದಲು ರೇಡಿಯೋ ಸಂಕೇತ ಕಳಿಸುವ ಒಂದು ಚಿಪ್ ಇರುತ್ತದೆ. ರಸ್ತೆಬದಿಯಲ್ಲಿ ಮಾಡಿಸಿದ ನಕಲಿ ಕೀಲಿಕೈ ಬಾಗಿಲನ್ನು ತೆರೆದರೂ ಎಂಜಿನ್ನನ್ನು ಎಬ್ಬಿಸದಿರುವುದು ಇದರಿಂದಲೇ. ಉಪಾಯ ಹೊಸದು, ಕಾರು ಕೇಳುವ ಪ್ರಶ್ನೆ ಹಳೆಯದೇ: ನೀನು ಯಾರು? ನಿಮ್ಮ ಕಾರು ಹೊರಡದ ದಿನ ಕೀಲಿಕೈ ಚಿತ್ರದ ದೀಪ ಮಿನುಗುತ್ತಿದೆಯೇ ಎಂದು ಮೊದಲು ನೋಡಿ. ಮಿನುಗುತ್ತಿದ್ದರೆ ಬದಲಿ ಕೀಲಿಕೈಯಿಂದ ಒಮ್ಮೆ ಪ್ರಯತ್ನಿಸಿ. ಹೊಸ ಬ್ಯಾಟರಿಯ ಮಾತು ಆಮೇಲೆ.