ಗುರುತಿಲ್ಲದ ಬಾಕು ಯಾವ ಊರಿನದು?

ಪರ್ತ್, ಬ್ರಿಸ್ಬೇನ್, ಅಡಿಲೇಡಿನ ಹಳೇ ಸಾಮಾನಿನ ಸಂತೆಗಳಲ್ಲಿ ಒಮ್ಮೊಮ್ಮೆ ಒಂದು ಬಾಕು ಕಣ್ಣಿಗೆ ಬೀಳುತ್ತೆ. ಎರಡೂ ಕಡೆ ಹರಿತ, ನೋಡೋಕೆ ಮಿಲಿಟರಿ ಗತ್ತು. ಆದರೆ ಮೇಲೆ ಹೆಸರಿಲ್ಲ, ಊರಿಲ್ಲ, ಇಸವಿಯಿಲ್ಲ. ಮನೆಯ ಹಳೇ ಟ್ರಂಕಿನಲ್ಲಿ ಸಿಕ್ಕಿದ್ದಾದರೆ "ತಾತ ಯುದ್ಧದಿಂದ ತಂದಿದ್ದು" ಅನ್ನೋ ಕತೆಯೂ ಅಂಟಿಕೊಂಡಿರುತ್ತೆ. ಆ ಕತೆ ನಿಜವಾ ಅಂತ ತಿಳಿಯೋದು ಹೇಗೆ? ಇವತ್ತಿನ ಕಂತು ಅದರ ಬಗ್ಗೆ.

ನಾವು ಜೀವವಿಜ್ಞಾನದವರು. ಗೊತ್ತಿಲ್ಲದ ಗಿಡ ಸಿಕ್ಕರೆ ತಕ್ಷಣ ಹೆಸರು ಹೇಳೋದಿಲ್ಲ. ಇದು ಯಾವುದಲ್ಲ ಅಂತ ಒಂದೊಂದನ್ನೇ ತೆಗೆದುಹಾಕ್ತೀವಿ. ಬಾಕುವಿಗೂ ಅದೇ ದಾರಿ. ಉದಾಹರಣೆಗೆ ಕೊಡಗಿನ ಪೀಚೆಕತ್ತಿಗೆ ಒಂದೇ ಕಡೆ ಹರಿತ. ಎರಡೂ ಕಡೆ ಹರಿತವಿದ್ದರೆ ಆ ಹೆಸರನ್ನು ಅಲ್ಲೇ ಬಿಡಬಹುದು.

ಮೊದಲು ಮುದ್ರೆ ನಿಜವಾಗಿಯೂ ಇಲ್ವಾ ಅಂತ ನೋಡಬೇಕು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಸವೆದ ಅಕ್ಷರವೂ ನೆರಳು ಬೀಳಿಸುತ್ತೆ. ಎರಡು 'ಡಿ'ಗಳ ನಡುವೆ ಬಾಣದ ಗುರುತು ಕಂಡರೆ ಅದು ಆಸ್ಟ್ರೇಲಿಯಾದ ರಕ್ಷಣಾ ಇಲಾಖೆಯದು. ಅಲ್ಲಿನ ಸೇನಾ ಜಿಲ್ಲೆಗಳಿಗೆ ಸಂಖ್ಯೆಯೂ ಇತ್ತು: ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ 1, ಅಡಿಲೇಡ್ ಇರುವ ದಕ್ಷಿಣ ಆಸ್ಟ್ರೇಲಿಯಾ 4, ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾ 5.

ಏನೂ ಕಾಣದಿದ್ದರೆ ನಕಲಿ ಅಂತಲೇ ಅರ್ಥವಲ್ಲ. ಫೇರ್‌ಬೇರ್ನ್ ಮತ್ತು ಸೈಕ್ಸ್ ಇಬ್ಬರೂ ಶಾಂಘೈ ಪೊಲೀಸ್‌ನಲ್ಲಿದ್ದವರು. ಅವರು ರೂಪಿಸಿದ ಪ್ರಸಿದ್ಧ ಕಮಾಂಡೋ ಬಾಕುವನ್ನು ಲಂಡನ್ನಿನ ವಿಲ್ಕಿನ್ಸನ್ ಕಂಪನಿ ಮೊದಲು ತಯಾರಿಸಿತು. 1943ರ ಹೊತ್ತಿಗೆ ಬಂದ ಮೂರನೇ ಮಾದರಿಯಲ್ಲಿ ಎಷ್ಟೋ ಬಾಕುಗಳಿಗೆ ತಯಾರಕರ ಹೆಸರೇ ಇಲ್ಲ. ಆಮೇಲೆ ಬಂದ ನಕಲುಗಳಿಗೂ ಇಲ್ಲ! ಹಾಗಾಗಿ ಇನ್ನು ವಸ್ತುವನ್ನೇ ಕೇಳಬೇಕು.

ಲೋಹಕ್ಕೆ ಎಕ್ಸ್‌ಆರ್‌ಎಫ್ ಅನ್ನೋ ಕೈಯಲ್ಲಿ ಹಿಡಿಯುವ ಉಪಕರಣವಿದೆ. ಎಕ್ಸ್-ರೇ ಬಿಟ್ಟರೆ ಪ್ರತಿ ಮೂಲಧಾತುವೂ ತನ್ನದೇ ಆದ ಕಿರಣವನ್ನು ವಾಪಸ್ ಕೊಡುತ್ತೆ, ಗೀರೂ ಬೀಳೋದಿಲ್ಲ. ಕ್ರೋಮಿಯಂ ಶೇ. 10.5ಕ್ಕಿಂತ ಹೆಚ್ಚಿದ್ದರೆ ಅದು ಸ್ಟೇನ್‌ಲೆಸ್ ಸ್ಟೀಲ್. ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ಅದನ್ನು ಮಾಡಿದ್ದು 1913ರಲ್ಲಿ. ಅಂದ್ರೆ ಅಂಥ ಬಾಕು ಬೋಯರ್ ಯುದ್ಧದ್ದಂತೂ ಅಲ್ಲ. ಆದರೆ ಈ ಉಪಕರಣಕ್ಕೆ ಉಕ್ಕಿನೊಳಗಿನ ಇಂಗಾಲ ಕಾಣೋದಿಲ್ಲ.

ಇನ್ನು ನಮ್ಮ ಇಷ್ಟದ ಭಾಗ, ಮರದ ಹಿಡಿ. ಬ್ರಿಟಿಷರು ಆಯುಧಗಳಿಗೆ ಹೆಚ್ಚಾಗಿ ವಾಲ್‌ನಟ್ ಬಳಸಿದರು. ಆಸ್ಟ್ರೇಲಿಯಾದ ಲಿತ್ಗೋ ಕಾರ್ಖಾನೆ ಬಂದೂಕಿಗೆ ಕ್ವೀನ್ಸ್‌ಲ್ಯಾಂಡ್ ಮೇಪಲ್, ಕೋಚ್‌ವುಡ್ ಬಳಸಿತು. ಹೆಸರು ಮೇಪಲ್ ಆದರೂ ಅದು ನಮ್ಮ ನಿಂಬೆಯ ಕುಟುಂಬದ ಮರ! ಸೂಕ್ಷ್ಮದರ್ಶಕದಲ್ಲಿ ಕೋಚ್‌ವುಡ್‌ನ ನೀರು ಹರಿಯುವ ನಾಳಗಳ ತುದಿ ಏಣಿಯಂತೆ ಕಾಣುತ್ತೆ, ವಾಲ್‌ನಟ್‌ನಲ್ಲಿ ಒಂದೇ ದೊಡ್ಡ ತೂತು. ಒರೆಯ ಚರ್ಮ ಹಸುವಿನದೋ ಕಾಂಗರೂವಿನದೋ ಅನ್ನೋದನ್ನು ಚೂರೇ ಚೂರು ಕೊಲಾಜೆನ್ ಪ್ರೋಟೀನಿನಿಂದ ಪತ್ತೆ ಮಾಡಬಹುದು. ಹೊಲಿಗೆಯ ದಾರ ನೈಲಾನ್ ಆಗಿದ್ದರೆ ಆ ಹೊಲಿಗೆ ಮೊದಲ ಮಹಾಯುದ್ಧದ ಕಾಲದ್ದಲ್ಲ.

ಆದರೆ ಎಲ್ಲಿ ತಯಾರಾಯ್ತು ಅನ್ನೋದು ಒಂದು ಪ್ರಶ್ನೆ, ಯಾರ ಕೈಯಲ್ಲಿತ್ತು ಅನ್ನೋದು ಇನ್ನೊಂದು. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಮೈಸೂರು, ಜೋಧಪುರ ಲ್ಯಾನ್ಸರ್‌ಗಳೂ, ಪಶ್ಚಿಮ ಆಸ್ಟ್ರೇಲಿಯಾದ 10ನೇ ಲೈಟ್ ಹಾರ್ಸ್ ಕುದುರೆ ದಳವೂ ಆಸ್ಟ್ರೇಲಿಯಾದ ಜನರಲ್ ಹ್ಯಾರಿ ಶೋವೆಲ್ ಅವರ ಒಂದೇ ದಂಡಿನಲ್ಲಿದ್ದವು. ಅಂಥ ಕಡೆ ಒಬ್ಬರ ವಸ್ತು ಇನ್ನೊಬ್ಬರ ಚೀಲ ಸೇರೋದು ದೊಡ್ಡ ವಿಷಯವಲ್ಲ. ಆ ಪ್ರಯಾಣ ಮರದ ನಾಳದಲ್ಲಿ ಬರೆದಿರೋದಿಲ್ಲ. ಅದಕ್ಕೆ ಪತ್ರ, ಫೋಟೊ, ಸೇವಾ ದಾಖಲೆಯೇ ಬೇಕು. ತಾತನ ಕತೆಯನ್ನು ಪ್ರಯೋಗಾಲಯ ಸುಳ್ಳು ಅಂತ ತೋರಿಸಬಹುದು. ನಿಜ ಅಂತ ತೋರಿಸೋಕೆ ಅದೊಂದೇ ಸಾಲದು.

ಅದಕ್ಕೇ ಎರಡು ಮಾತು. ಹುಣಸೆಹಣ್ಣು, ತಂತಿ ಬ್ರಷ್ ಹಾಕಿ ಉಜ್ಜಬೇಡಿ. ಹೊಳಪಿನ ಜೊತೆ ಸಾಕ್ಷಿಯೂ ಹೋಗುತ್ತೆ. ಇನ್ನೊಂದು, ಬಾಕುವನ್ನು ಅನುಮತಿಯಿಲ್ಲದೆ ಆಸ್ಟ್ರೇಲಿಯಾಕ್ಕೆ ತರುವಂತಿಲ್ಲ. ದೇಶದೊಳಗೂ ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ. ಕೈಗೆ ಬಂದರೆ ಮೊದಲು ಪೊಲೀಸರನ್ನು ವಿಚಾರಿಸಿ, ಆಮೇಲೆ ಮ್ಯೂಸಿಯಂನವರನ್ನು.

ಮನೆಯ ಹಿರಿಯರು ಇನ್ನೂ ಇದ್ದರೆ ಈ ವಾರವೇ ಕೂತು ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಬಾಕು ಕಾಯುತ್ತೆ, ನೆನಪು ಕಾಯೋದಿಲ್ಲ. ಮುಂದಿನ ಕಂತಿನಲ್ಲಿ ಸಿಗೋಣ.