ಹತ್ತಿಗಾಗಿ ಹುಟ್ಟಿದ ಬಂದರು, ಇಳಿಯುವವರು ಪ್ರವಾಸಿಗರು

ಮರ್ಮಗೋವಾದ ಧಕ್ಕೆಗೆ ವಿಲಾಸಿ ಹಡಗು ಬಂದು ನಿಂತರೆ ಇಳಿದವರು ಬಂದರನ್ನು ತಿರುಗಿಯೂ ನೋಡುವುದಿಲ್ಲ. ಬಸ್ಸು ಹತ್ತಿ ಸೀದಾ ಹಳೆ ಗೋವಾಕ್ಕೆ. ಸಂಜೆ ಹಡಗು ಬಿಡುವುದರೊಳಗೆ ಬಾಂ ಜೀಸಸ್ ಬೆಸಿಲಿಕಾ, ಸೇ ಕೆಥೆಡ್ರಲ್, ಸಾಧ್ಯವಾದರೆ ಪಣಜಿಯ ಹಳೆ ಓಣಿಗಳನ್ನೂ ಮುಗಿಸಬೇಕು. ಮಾಂಡವಿ ದಂಡೆಯ ಹಳೆ ಗೋವಾ ಕೂಡ ಒಂದು ಕಾಲಕ್ಕೆ ದೊಡ್ಡ ಬಂದರೇ. ರೋಗರುಜಿನಕ್ಕೆ ಊರು ಬರಿದಾಗಿ, 1843ರಲ್ಲಿ ಪಣಜಿ ರಾಜಧಾನಿಯಾಯಿತು.

ಬೆಳಗಾವಿ ಸೀಮೆಯವರು ನೋಡಬೇಕಾದದ್ದು ಮಾತ್ರ ಮರ್ಮಗೋವಾದ ಧಕ್ಕೆಯನ್ನೇ.

ಬೆಲ್ಲದ ಬಾಗೇವಾಡಿ, ಹುಕ್ಕೇರಿ, ಗೋಕಾಕದ ಕಡೆಯವರಿಗೆ ಹಿಂದೆ ಹತ್ತಿರದ ಬಂದರೆಂದರೆ ವೆಂಗುರ್ಲಾ. ಹತ್ತಿಯ ಅಂಡಿಗೆ ಹೇರಿದ ಚಕ್ಕಡಿಗಳು ಬೆಳಗಾವಿ ದಾಟಿ ಘಟ್ಟ ಇಳಿಯಬೇಕು. ಮಳೆಗಾಲ ಹಿಡಿಯಿತೆಂದರೆ ಬಂದರೂ ಬಂದ್. ಮರ್ಮಗೋವಾ ಇರುವ ಜುವಾರಿ ನದಿಯ ಅಳಿವೆಯಲ್ಲಿ ಆಳದ ನೀರಿತ್ತು, ಆದರೆ ಅದು ಪೋರ್ಚುಗೀಸರದು. 1876ರಿಂದ 78ರವರೆಗಿನ ಬರಗಾಲ ಬೆಳಗಾವಿ, ಧಾರವಾಡ, ವಿಜಯಪುರಗಳನ್ನು ಹಿಂಡಿಹಾಕಿದಾಗ ಈ ಭಾಗಕ್ಕೆ ರೈಲು ಬೇಕೇಬೇಕೆಂಬುದು ಬ್ರಿಟಿಷರಿಗೆ ಮನವರಿಕೆಯಾಯಿತು. 1878ರಲ್ಲೇ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಗೋವಾಕ್ಕೆ ರೈಲು ಬರುವ ಹಾದಿ ತೆರೆಯಿತು, ಅಲ್ಲಿನ ಉಪ್ಪಿನ ಹತೋಟಿ ಬ್ರಿಟಿಷರ ಕೈಸೇರಿತು. ಉಪ್ಪು ತಯಾರಿಸಿ ಬದುಕುತ್ತಿದ್ದ ಗೋವಾದವರಿಗೆ ಇದು ದುಬಾರಿ ಬಿದ್ದ ವ್ಯಾಪಾರ.

1888ರಲ್ಲಿ ಮರ್ಮಗೋವಾದಿಂದ ಹೊರಟ ಹಳಿ ದೂಧಸಾಗರದ ಪಕ್ಕದಲ್ಲೇ ಘಟ್ಟ ಹತ್ತಿ, ಕ್ಯಾಸಲ್ ರಾಕ್‌ನಲ್ಲಿ ದಕ್ಷಿಣ ಮರಾಠಾ ರೈಲ್ವೆಯನ್ನು ಕೂಡಿಕೊಂಡಿತು. ಸುಂಕದ ತಪಾಸಣೆಯೂ ಗಡಿಯ ಆ ಸ್ಟೇಷನ್ನಿನಲ್ಲೇ. ಆದರೆ ಪುಣೆ ಕಡೆಯ ಹಳಿ ತೆರೆದ ಮೇಲೆ ಹತ್ತಿ ಬಹಳಷ್ಟು ಮುಂಬಯಿಗೆ ತಿರುಗಿತು. ಮರ್ಮಗೋವಾವನ್ನು ಮುಂದೆ ಸಾಕಿದ್ದು ಮ್ಯಾಂಗನೀಸು, ಕಬ್ಬಿಣದ ಅದಿರು.

2012ರಲ್ಲಿ ಸುಪ್ರೀಂ ಕೋರ್ಟು ಗೋವಾದ ಗಣಿಗಾರಿಕೆಗೆ ತಡೆ ಹಾಕಿದಾಗ ಅದಿರಿನ ಆದಾಯಕ್ಕೂ ಪೆಟ್ಟು ಬಿತ್ತು. ಪ್ರವಾಸಿ ಹಡಗು ಬಂದರಿನ ಮುಖಕ್ಕೆ ಹೊಳಪು ಕೊಡುತ್ತದೆ ನಿಜ, ಹೊಟ್ಟೆ ತುಂಬಿಸುವುದು ಸರಕೇ. ಮಳೆಗಾಲದಲ್ಲಿ ಆ ಹಡಗುಗಳ ಸುಳಿವೂ ಇರುವುದಿಲ್ಲ.

ದುಡಿಮೆಗೆಂದು ಘಟ್ಟ ಇಳಿದ ಉತ್ತರ ಕರ್ನಾಟಕದವರು ಪಕ್ಕದ ವಾಸ್ಕೋದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮಾರುಕಟ್ಟೆಯಲ್ಲಿ ಕೊಂಕಣಿಯ ನಡುವೆ ‘ಎಷ್ಟ್ರೀ ಇದು?’ ಎಂಬ ಮಾತೂ ಕೇಳಿಸುತ್ತದೆ. ಘಟ್ಟ ಹತ್ತುವ ಸರಕು ಈಗ ಕಲ್ಲಿದ್ದಲು: ಹಡಗಿನಲ್ಲಿ ಬಂದದ್ದು ಅದೇ ದಾರಿಯ ರೈಲಿನಲ್ಲಿ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಜೋಡಿ ಹಳಿ ಹಾಕಿದರೆ ಕಲ್ಲಿದ್ದಲ ಧೂಳು ಇನ್ನಷ್ಟಾಗುತ್ತದೆಂದು 2020ರ ನವೆಂಬರಿನಲ್ಲಿ ಗೋವಾದ ಚಾಂದೋರ್ ಊರಿನಲ್ಲಿ ಜನ ರಾತ್ರಿಯೆಲ್ಲ ಹಳಿಯ ಬಳಿ ಪ್ರತಿಭಟಿಸಿದರು. ಹಡಗಿನ ಪ್ರವಾಸಿಗರ ಒಂದು ದಿನದ ಪಟ್ಟಿಯಲ್ಲಿ ಚಾಂದೋರಿನ ಹಳೆ ಬಂಗಲೆಗಳಿಗೂ ಕೆಲವೊಮ್ಮೆ ಜಾಗವಿರುತ್ತದೆ.